ಮಾಷಿನ ಪುಸ್ತಕದಲ್ಲಿ ನನ್ನ ಪುಟ

ನನ್ನ ಭುಜಗಳ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹದಿನಾಲ್ಕನೇ ವಯಸ್ಸಿಗೇ ಅವು ನನ್ನ ವಯಸ್ಸನ್ನು ಮೀರಿ ಬೆಳೆದಿದ್ದವು. ರವಿಕೆ ಹೊಲಿಯುವ ದರ್ಜಿ ತನ್ನ ಟೇಪಿನ ಮೇಲೇ ಅನುಮಾನಪಟ್ಟು ನನ್ನ ಅಳತೆಯನ್ನು ಎರಡು ಸಲ ತೆಗೆಯುತ್ತಿದ್ದ. ಇಳಿಜಾರಿನ ಕೆಳಗಿನ ಬಾವಿಯಿಂದ ದಿನಕ್ಕೆ ಹತ್ತಾರು ಕೊಡ ನೀರು, ಸುಗ್ಗಿಯಲ್ಲಿ ಮೆಣಸಿನ ಬಳ್ಳಿಗೆ ಒರಗಿಸುವ ಬಿದಿರ ಏಣಿ, ಅಂಗಡಿಗೆ ಬಂದಿಳಿಯುವ ಉಪ್ಪಿನ ಮೂಟೆ, ಎಲ್ಲವೂ ಈ ಭುಜಗಳ ಮೇಲೆಯೇ ಓಡಾಡಿದ್ದು. ಇದನ್ನು ಹೇಳುವಾಗ ನನಗೆ ಈಗಲೂ ಸ್ವಲ್ಪ ಜಂಬ. ಮಂಡಿ ಹಿಡಿದುಕೊಂಡಿರುವ ಈ ವಯಸ್ಸಿನಲ್ಲಿ ಜಂಬಪಡಲು ಉಳಿದಿರುವುದೂ ಭುಜ ಮಾತ್ರ.

ನಮ್ಮದು ಕಬಿನಿಯ ಆಚೆ ದಡದಿಂದ ಬಂದ ಕನ್ನಡದ ಮನೆ. ಪುಲ್ಪಳ್ಳಿಯಿಂದ ಮುಳ್ಳನ್‌ಕೊಲ್ಲಿಗೆ ಹೋಗುವ ದಾರಿಯಲ್ಲಿ ಅಪ್ಪನ ದಿನಸಿ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಒಂದಿಷ್ಟು ಮೆಣಸು. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಅಪ್ಪ ಅಂಗಡಿಗೆ ಯಜಮಾನರು, ಮನೆಗೆ ಅಜ್ಜಿ. ಅಪ್ಪನಿಗೂ ನನಗೂ ಮಲಯಾಳ ನೀರು ಕುಡಿದಷ್ಟು ಸಲೀಸು. ಅಜ್ಜಿ ಮಾತ್ರ ಇಪ್ಪತ್ತು ವರ್ಷವಾದರೂ ಅದನ್ನು ಕಲಿಯಲೇ ಇಲ್ಲ. ಮಗಳಿಗೆ ಮೋಳ್ ಎನ್ನುತ್ತಾರೆ, ನೀರಿಗೆ ವೆಳ್ಳಂ ಎನ್ನುತ್ತಾರೆ, ಬೇಡ ಎನ್ನಲು ವೇಂಡ, ಅಲ್ಲಿಗೆ ಅವರ ವಿದ್ಯೆ ಮುಗಿಯಿತು. ಯಾರಾದರೂ ಕೇಳಿದರೆ, "ನಾನು ದಾಟಿದ್ದು ಹೊಳೆ ಕಣಮ್ಮಿ, ನಾಲಿಗೆ ಅಲ್ಲ" ಎನ್ನುತ್ತಿದ್ದರು.

ಆಗ ನಮ್ಮ ಕಡೆ ನಕ್ಸಲರ ಕಾಲ. ಬೆಳಗಾಗುವುದರಲ್ಲಿ ಕಲ್ಲುಗೋಡೆಗಳ ಮೇಲೆ ಕೆಂಪು ಅಕ್ಷರಗಳು ಮೂಡಿರುತ್ತಿದ್ದವು, ಮಧ್ಯಾಹ್ನದೊಳಗೆ ಪೊಲೀಸರು ಯಾರ ಕೈಯಲ್ಲೋ ಸುಣ್ಣ ಬಳಿಸಿರುತ್ತಿದ್ದರು. ಪೇಟೆಯ ಆಚೆ ಪೊಲೀಸ್ ಕ್ಯಾಂಪ್ ಬಂದಿತ್ತು. ಯಾವ ಭೂಮಿ ಯಾರದು ಎಂಬ ಜಗಳ ಎಲ್ಲ ಕಡೆ. ಕೆಳನಾಡಿನಿಂದ ಬಂದು ಕಾಡು ಕಡಿದು ಕಪ್ಪ ಎನ್ನುವ ಮರಗೆಣಸು ನೆಟ್ಟವರಿಗೆ ಒಕ್ಕಲೆಬ್ಬಿಸುತ್ತಾರೆಂಬ ಭಯ, ಅವರಿಗಿಂತ ಎಷ್ಟೋ ಮೊದಲಿಂದ ಆ ಕಾಡಿನಲ್ಲೇ ಇದ್ದವರಿಗೆ ಕೈಯಲ್ಲಿ ಒಂದು ಕಾಗದವೂ ಇಲ್ಲ. ಮಕ್ಕಳಾದ ನಮಗೆ ಇದರಲ್ಲಿ ಅರ್ಥವಾಗಿದ್ದು ಒಂದೇ, ದೊಡ್ಡವರು ಮಾತಾಡುತ್ತಾ ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾರೆ ಎಂಬುದು.

ನಮಗೆ ಸೌದೆ ಒಡೆದುಕೊಡುತ್ತಿದ್ದವನನ್ನು ಒಂದು ದಿನ ಕ್ಯಾಂಪಿಗೆ ಕರೆದುಕೊಂಡು ಹೋದರು. ಅವನು ಯಾರಿಗೋ ಅನ್ನ ಕೊಟ್ಟನೆಂದು ಯಾರೋ ಚಾಡಿ ಹೇಳಿದ್ದರಂತೆ. ನಾಲ್ಕನೇ ದಿನ ವಾಪಸು ಬಂದವನು ಕೊಡಲಿಯನ್ನು ಹೆಗಲಿನವರೆಗೂ ಎತ್ತಲಾರದವನಾಗಿದ್ದ. ಹೇಳಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಚಾಡಿ ಎನ್ನುವುದು ಕೆಟ್ಟ ಬೈಗುಳಕ್ಕಿಂತ ಕೆಟ್ಟ ಮಾತಾಯಿತು. ಕದ್ದವನಿಗೂ ಒಂದು ತುತ್ತು ಹಾಕಬಹುದು, ಚಾಡಿ ಹೇಳುವವನಿಗೆ ನೀರೂ ಕೊಡಬಾರದು ಎಂದು ಅಜ್ಜಿ ಹೇಳುತ್ತಿದ್ದರು.

ಇಂಥ ಕಾಲದಲ್ಲಿ ನಮ್ಮ ಶಾಲೆಗೆ ಹೊಸ ವ್ಯಾಯಾಮದ ಮಾಷು ಬಂದರು. ಮೇಷ್ಟರನ್ನು ನಮ್ಮಲ್ಲಿ ಮಾಷು ಎನ್ನುವುದು. ಸೈನ್ಯದಲ್ಲಿ ಇದ್ದು ನಿವೃತ್ತರಾದವರು, ಕೆಳನಾಡಿನ ಕಡೆಯವರು, ಮೀಸೆ ದಪ್ಪ, ಧ್ವನಿ ಅದಕ್ಕಿಂತ ದಪ್ಪ. ಬಂದ ವಾರವೇ ಎರಡು ಮರದ ಕಂಬ ನೆಟ್ಟು, ಕಮ್ಮಾರನಿಂದ ಕಬ್ಬಿಣದ ಬಳೆ ಮಾಡಿಸಿ, ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ತಂಡ ಕಟ್ಟಿಯೇ ಬಿಟ್ಟರು. ಸೈನ್ಯದಲ್ಲಿ ಅವರು ಆಡುತ್ತಿದ್ದದ್ದು ಅದೊಂದೇ ಆಟವಂತೆ. ಅಂಗಳದ ಕೆಂಪುಮಣ್ಣಿನಲ್ಲಿ ಚೆಂಡು ಪುಟಿದಾಗಲೆಲ್ಲ ನಮ್ಮ ಬಿಳಿ ರವಿಕೆಯ ಮೇಲೆ ಒಂದು ಕೆಂಪು ಹುಣ್ಣಿಮೆ ಬೀಳುತ್ತಿತ್ತು. ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುವ ನಮ್ಮನ್ನು ನೋಡಲು ಮೊದಮೊದಲು ಬೇಲಿಯ ಹೊರಗೆ ಜನ ಸೇರುತ್ತಿದ್ದರು, ಆಮೇಲೆ ಬೇಜಾರಾಗಿ ಹೋದರು.

ಮೊದಲ ಎರಡು ತಿಂಗಳು ಮಾಷು ನಮ್ಮನ್ನು ಸೈನಿಕರೆಂದೇ ತಿಳಿದಿದ್ದರು. ಎಲ್ಲರಿಗೂ ಐವತ್ತು ಬಸ್ಕಿ, ಎಲ್ಲರಿಗೂ ಮರಳು ತುಂಬಿದ ಚೀಲ ಹೊತ್ತು ಅಂಗಳ ಸುತ್ತುವುದು, ಎಲ್ಲರಿಗೂ ಕೈ ಊರಿ ದಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು ನಮ್ಮ ಕಥೆ. ನಮ್ಮಲ್ಲಿ ಎಲ್ಲರಿಗಿಂತ ಉದ್ದದ ಹುಡುಗಿಯ ಮಂಡಿ ಊದಿಕೊಂಡು ಬೂದುಗುಂಬಳವಾಯಿತು. ಇನ್ನೊಬ್ಬಳು ಮೂರನೇ ಸುತ್ತಿಗೆ ಕಣ್ಣುಕತ್ತಲೆ ಬಂದು ಕೂತುಬಿಡುತ್ತಿದ್ದಳು. ನನಗಂತೂ ಭುಜ ಇನ್ನೂ ಅಗಲವಾಗಿ ರವಿಕೆಯ ತೋಳು ಹರಿಯಿತು, ನೆಗೆಯುವುದು ಮಾತ್ರ ಒಂದು ಬೆರಳೂ ಹೆಚ್ಚಲಿಲ್ಲ. ಪಕ್ಕದ ಶಾಲೆಯವರು ಬಂದು ನಮ್ಮ ಅಂಗಳದಲ್ಲೇ ನಮ್ಮನ್ನು ಚೆನ್ನಾಗಿ ಸೋಲಿಸಿ, ನಮ್ಮದೇ ಚಹಾ ಕುಡಿದು ಹೋದರು.

ಮಾರನೆಯ ದಿನ ಮಾಷು ನಮ್ಮನ್ನು ಸಾಲಾಗಿ ನಿಲ್ಲಿಸಿ, ತಪ್ಪು ನಮ್ಮದಲ್ಲ, ತಮ್ಮದು ಎಂದರು. ಮೇಷ್ಟರೊಬ್ಬರು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು, ಬಹುಶಃ ಅದೇ ಕೊನೆ. ನಮ್ಮನ್ನು ಒಬ್ಬೊಬ್ಬರಾಗಿ ಶಾಲೆಯ ಗೋಡೆಯ ಬಳಿ ಕರೆದು, ಬೆರಳ ತುದಿಗೆ ಸೀಮೆಸುಣ್ಣ ಹಚ್ಚಿ, ನಿಂತು ಕೈ ಎತ್ತಿದಾಗ ಎಲ್ಲಿ ಮುಟ್ಟುತ್ತದೆ, ನೆಗೆದಾಗ ಎಲ್ಲಿ ಮುಟ್ಟುತ್ತದೆ ಎಂದು ಗುರುತು ಮಾಡಿದರು. ಎರಡು ಗುರುತಿನ ನಡುವಿನ ಬೆರಳು ಎಣಿಸಿದರು. ಆಮೇಲೆ ಪ್ರತಿಯೊಬ್ಬಳನ್ನೂ ಕೇಳಿದರು: ಬೆಳಿಗ್ಗೆ ಎದ್ದು ಏನು ಕೆಲಸ ಮಾಡುತ್ತೀ, ಏನು ತಿನ್ನುತ್ತೀ, ಎಷ್ಟು ದೂರ ನಡೆದು ಬರುತ್ತೀ, ಎಲ್ಲಿ ನೋಯುತ್ತದೆ. ಎಲ್ಲವನ್ನೂ ಒಂದು ದಪ್ಪ ಪುಸ್ತಕದಲ್ಲಿ ಬರೆದುಕೊಂಡರು, ಒಬ್ಬೊಬ್ಬಳಿಗೆ ಒಂದೊಂದು ಪುಟ. ನನ್ನ ಹೆಸರಲ್ಲಿ ಒಂದು ಇಡೀ ಪುಟ ಇದೆ ಎನ್ನುವುದೇ ನನಗೆ ದೊಡ್ಡ ಸಂಗತಿಯಾಯಿತು. ಮನೆಯ ರೇಷನ್ ಕಾರ್ಡಿನಲ್ಲೂ ನನಗೆ ಇದ್ದದ್ದು ಅರ್ಧ ಸಾಲು.

ಉದ್ದದ ಹುಡುಗಿಗೆ ಬಸ್ಕಿ ನಿಂತಿತು. ಅವಳು ಶಾಲೆಯ ಮೆಟ್ಟಿಲನ್ನು ಒಂದೊಂದೇ ಕಾಲಿನಲ್ಲಿ, ಮದುಮಗಳ ಹಾಗೆ ನಿಧಾನವಾಗಿ ಇಳಿಯಬೇಕು, ಅಷ್ಟೇ. ಎಲ್ಲರೂ ನಕ್ಕರು, ಆದರೆ ಮೂರು ವಾರದಲ್ಲಿ ಅವಳ ಮಂಡಿಯ ಊತ ಇಳಿಯಿತು. ಕಣ್ಣುಕತ್ತಲೆ ಬರುತ್ತಿದ್ದವಳ ಪುಟದಲ್ಲಿ ಮಾಷು ಬರೆದದ್ದು ಒಂದೇ ಸಾಲು: ಮೊದಲು ಗಂಜಿ ಉಣ್ಣಲಿ, ಆಮೇಲೆ ಓಡಲಿ.

ಅವಳು ನನ್ನ ಗೆಳತಿ. ಕಾಡಂಚಿನ ಹಾಡಿಯವಳು. ಅವರ ಮಾತು ನಮ್ಮ ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ, ಇಡೀ ಶಾಲೆಯಲ್ಲಿ ನಾವಿಬ್ಬರೇ ಮಲಯಾಳ ಬಿಟ್ಟು ಜಗಳವಾಡುತ್ತಿದ್ದದ್ದು. ಚೆಂಡನ್ನು ಬಳೆಯೊಳಗೆ ಹಾಕುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಕಂಬದತ್ತ ನೋಡುತ್ತಲೂ ಇರಲಿಲ್ಲ, ಬೇರೆ ಏನೋ ಯೋಚನೆಯಲ್ಲಿರುವಂತೆ ಎಸೆಯುತ್ತಿದ್ದಳು, ಚೆಂಡು ಒಳಗೆ. ಆದರೆ ಬೆಳಿಗ್ಗೆ ಬರಿ ಚಹಾ ಕುಡಿದು ಅಷ್ಟು ದೂರ ನಡೆದು ಬಂದವಳಿಗೆ ಸಂಜೆ ಓಡಲು ಏನು ಉಳಿದಿರುತ್ತದೆ? ಮಾಷು ಗಂಜಿಯ ಮಾತನ್ನು ಎಲ್ಲರ ಮುಂದೆ ಓದಿದಾಗ ಅವಳ ಮುಖ ಗಂಟಾಯಿತು. ನಮ್ಮ ಕಡೆ ಕೆಲಸಕ್ಕೆ ಪಣಿ ಎನ್ನುತ್ತಾರೆ. ಅವಳು ನೇರವಾಗಿ ಹೇಳಿದಳು.

"ಎಲ್ಲಾರ್ಗೂ ಪಣಿ ಕೊಟ್ರಿ ಮಾಷೇ, ನಂಗೆ ಮಾತ್ರ ಕಂಜಿ ಕೊಟ್ರಿ. ನಾನು ಬೇಡಕ್ಕೆ ಬಂದೋಳಲ್ಲ."

ಮಾಷು ಸ್ವಲ್ಪ ಹೊತ್ತು ಮೀಸೆ ತಿರುವಿದರು. ಮಾರನೆಯ ದಿನದಿಂದ ಆಟಕ್ಕೆ ಮುಂಚೆ ತಂಡದವರೆಲ್ಲರೂ ಉಣ್ಣಬೇಕೆಂದು ನಿಯಮವಾಯಿತು. ಮನೆಯಲ್ಲಿ ಕಪ್ಪ ಇದ್ದವರು ಕಪ್ಪ ತಂದರು, ನಾನು ಅಂಗಡಿಯಿಂದ ಹೆಸರುಕಾಳು ತಂದೆ, ಅವಳು ಕಾಡಿನ ಸೊಪ್ಪು ತಂದಳು. ಸೊಪ್ಪಿನ ಸಾರಿಗೆ ಎಲ್ಲರೂ ಮುಗಿಬಿದ್ದರು, ಮಾಷು ಎರಡನೇ ಸಲ ಬಡಿಸಿಕೊಂಡರು. ಅವಳು ಮಾಷಿನ ತಟ್ಟೆಯನ್ನು ನೋಡಿ, "ನಿಮ್ ಪುಟದಲ್ಲಿ ಇಷ್ಟು ಬರ್ದಿದ್ಯಾ?" ಎಂದಳು. ಅಲ್ಲಿಗೆ ಜಗಳ ಮುಗಿಯಿತು.

ಅವಳ ಅಪ್ಪ ಆಗ ಊರಲ್ಲಿ ಇರಲಿಲ್ಲ. ಹಾಡಿಯವರು ಕೆಲವರು ಸೇರಿ, ತಮ್ಮ ಹಿರಿಯರು ಬಿತ್ತುತ್ತಿದ್ದ ಜಾಗವೆಂದು ಒಂದು ಕಡೆ ಗುಡಿಸಲು ಹಾಕಿದ್ದರು. ಗುಡಿಸಲು ಕಿತ್ತರು, ಕೇಸು ಹಾಕಿದರು, ಅವಳ ಅಪ್ಪ ಕಣ್ಮರೆಯಾದರು. ನಾನು ಸೋದರತ್ತೆಯ ಮನೆಯ ಮದುವೆಗೆಂದು ದೋಣಿಯಲ್ಲಿ ಹೊಳೆ ದಾಟಿ ಹೋದಾಗ, ಅಲ್ಲಿ ಒಂದು ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದವರು ತಲೆ ಎತ್ತಿದರು. ಅವರೇ. ನನ್ನನ್ನು ನೋಡಿ ಮತ್ತೆ ತಲೆ ತಗ್ಗಿಸಿದರು. ವಾಪಸು ಬಂದು ಗೆಳತಿಯ ಕಿವಿಯಲ್ಲಿ, ನಿಮ್ಮಪ್ಪ ಚೆನ್ನಾಗಿದ್ದಾರೆ, ಮೈ ತುಂಬಿಕೊಂಡಿದ್ದಾರೆ ಎಂದೆ. ಮೈ ತುಂಬಿಕೊಂಡದ್ದು ಸುಳ್ಳು. ಅವಳು ಅವತ್ತು ಮೂರು ತಟ್ಟೆ ಕಪ್ಪ ತಿಂದಳು. ಈ ವಿಷಯವನ್ನು ನಾನು ಬೇರೆ ಯಾರಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ.

ಇನ್ನು ನನ್ನ ಪುಟ. ಅದರ ತಲೆಯ ಮೇಲೇ ಮಾಷು ಬರೆದಿದ್ದರು: ಭುಜ ಸಾಕು, ಕಾಲು ಬೇಕು. ಇವಳು ತಲೆಯ ಮೇಲೆ ನೀರು ಹೊರಬಾರದು, ಮೂಟೆ ಎತ್ತಬಾರದು. ಇದನ್ನು ಮನೆಯಲ್ಲಿ ಓದಿ ಹೇಳಿದಾಗ ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದರು. ನೀರು ಹೊರಬೇಡ ಎಂದು ಕಲಿಸುವ ವಿದ್ಯೆ ಯಾವ ವಿದ್ಯೆ, ಆ ಮಾಷಿನ ಮನೆಯಲ್ಲಿ ನೀರು ನಡೆದು ಬರುತ್ತದೋ ಎಂದು ಕೇಳಿದರು. ಮಾಷು ಒಂದು ಭಾನುವಾರ ತಾವೇ ಬಂದು, ಅಪ್ಪನ ಜೊತೆ ಇಳಿಜಾರು ನೋಡಿ, ಬಾವಿಯವರೆಗೆ ಇಳಿದು ಹತ್ತಿ ಏದುಸಿರು ಬಿಟ್ಟರು. ಇಂಥ ದಾರಿ ಸೈನ್ಯದಲ್ಲೂ ಇರಲಿಲ್ಲ ಎಂದು ಬಹಳ ಸಂತೋಷಪಟ್ಟು ಪುಟವನ್ನು ತಿದ್ದಿದರು. ತಲೆಯ ಮೇಲೆ ಎರಡು ಕೊಡದ ಬದಲು ಸೊಂಟದಲ್ಲಿ ಒಂದು ಕೊಡ, ಆದರೆ ಎರಡರಷ್ಟು ಸಲ, ಹತ್ತುವಾಗ ಹಿಮ್ಮಡಿ ಊರದೆ. ಅಪ್ಪ ಇದನ್ನು ಕನ್ನಡದಲ್ಲಿ ಹೇಳಿದ ಕೂಡಲೇ ಅಜ್ಜಿಗೆ ಮಾಷು ಬಹಳ ಒಳ್ಳೆಯ ಮನುಷ್ಯರಾದರು.

ಒಳ್ಳೆಯದು ಅತಿಯಾದರೆ ಏನಾಗುತ್ತದೆ ಎಂಬುದನ್ನು ಅಜ್ಜಿ ನನಗೆ ತೋರಿಸಿದರು. ಮಾಷು ಹತ್ತು ಸಲ ಎಂದರೆ ಅವರು ಹದಿನೈದು ಸಲ ಇಳಿಸುತ್ತಿದ್ದರು. ಹಂಡೆ ತುಂಬಿತು, ಬಚ್ಚಲ ತೊಟ್ಟಿ ತುಂಬಿತು, ಬಾಳೆಗಿಡಗಳಿಗೆ ಮಳೆಗಾಲ ಮುಗಿದ ಮೇಲೂ ಮಳೆಗಾಲ. ಸಂಜೆ ಗೋಡೆಯ ಬಳಿ ನಿಂತಾಗ ನನ್ನ ಕಾಲುಗಳು ಬೇರೆಯವರ ಕಾಲುಗಳಂತೆ ಭಾರವಾಗಿರುತ್ತಿದ್ದವು. ನಾಲ್ಕು ವಾರಕ್ಕೆ ಹೆಚ್ಚಿದ್ದು ಒಂದು ಬೆರಳು. ಬತ್ತೇರಿಯಲ್ಲಿ ಶಾಲೆಗಳ ಪಂದ್ಯ ಹತ್ತಿರ ಬಂದಿತ್ತು. ಹೋಗುವುದಕ್ಕೆ ಹಿಂದಿನ ಶನಿವಾರ ಕೊನೆಯ ಅಳತೆ, ಅವತ್ತು ಅಂಗಳದಲ್ಲಿ ಇಲ್ಲದವಳು ಬಸ್ಸಿನಲ್ಲೂ ಇರುವುದಿಲ್ಲ ಎಂದು ಮಾಷು ಖಡಾಖಂಡಿತವಾಗಿ ಹೇಳಿದ್ದರು. ನನಗೆ ಬತ್ತೇರಿಗೆ ಹೋಗಲೇಬೇಕಿತ್ತು. ಅಂಗಡಿಯ ಸಾಮಾನು ತರಲು ಅಲ್ಲಿಗೆ ಎಷ್ಟೋ ಸಲ ಹೋಗಿದ್ದೆ. ನನ್ನದೇ ಕಾರಣಕ್ಕೆ ಎಲ್ಲಿಗಾದರೂ ಹೋಗುವುದು ಹೇಗಿರುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಆ ವಾರದ ಬುಧವಾರ ಬೆಳಿಗ್ಗೆ ಪೊಲೀಸರು ಶಾಲೆಗೆ ಬಂದರು. ಸೈನ್ಯದಲ್ಲಿದ್ದವನೊಬ್ಬ ಶಾಲೆಯ ಅಂಗಳದಲ್ಲಿ ಹುಡುಗಿಯರಿಗೆ ಮರಳು ಚೀಲ ಹೊರಿಸಿ, ಗೋಡೆ ಹಾರಿಸಿ ತರಬೇತಿ ಕೊಡುತ್ತಿದ್ದಾನೆ ಎಂದು ಯಾರೋ ಹೇಳಿದ್ದರಂತೆ. ಸುಳ್ಳೇನೂ ಅಲ್ಲ, ಬೇಕಾದ ಹಾಗೆ ಹೇಳಿದರೆ ನಿಜವೂ ಹಾಗೇ ಕೇಳಿಸುತ್ತದೆ. ಮಾಷು ಚೆಂಡು ತೋರಿಸಿದರು, ಬಳೆ ತೋರಿಸಿದರು. ಅಧಿಕಾರಿ ಪುಸ್ತಕ ತೆರೆದು ಓದಿದರು: ಹೆಸರು, ಎದುರಿಗೆ ಭಾರ, ಎಡಗಾಲು ದುರ್ಬಲ, ಓಟ ಚುರುಕು, ಗುರಿ ತಪ್ಪುವುದಿಲ್ಲ. ಆ ಕೊನೆಯದು ನನ್ನ ಗೆಳತಿಯ ಪುಟ. ಅವಳ ಅಪ್ಪನ ಹೆಸರೂ ಅಲ್ಲೇ ಇತ್ತು. ಅವಳು ನನ್ನ ಭುಜದ ಹಿಂದೆ ಸರಿದು ನಿಂತಳು. ಅಧಿಕಾರಿ ಪುಟ ಮಗುಚಿದರು, ಏನೂ ಕೇಳಲಿಲ್ಲ, ಪುಸ್ತಕವನ್ನು ಮಾತ್ರ ಕಂಕುಳಲ್ಲಿಟ್ಟುಕೊಂಡು ಹೋದರು. ಹೋಗುವಾಗ ಒಬ್ಬ ಪೇದೆ ಮರಳು ಚೀಲವನ್ನು ಎತ್ತಿ ನೋಡಿ, ಸೊಂಟ ಹಿಡಿದುಕೊಂಡು ಕೆಳಗಿಟ್ಟ.

ಮಾಷು ಹೆದರಿದ್ದರೋ ಏನೋ, ತೋರಿಸಿಕೊಳ್ಳಲಿಲ್ಲ. ಪುಸ್ತಕ ಹೋದರೂ ಕಾಲುಗಳು ಇಲ್ಲೇ ಇವೆ ಎಂದು ಅವತ್ತೂ ಆಟ ಆಡಿಸಿದರು. ಸಿಟ್ಟಿಗೋ ಏನೋ, ನಾನು ಗೋಡೆಯ ಮೇಲೆ ಮತ್ತೊಂದು ಬೆರಳು ಮೇಲೆ ಮುಟ್ಟಿದೆ. ಆ ಕೆಟ್ಟ ದಿನದಲ್ಲಿ ಮಾಷಿಗೆ ಸಿಕ್ಕ ಒಂದೇ ಒಳ್ಳೆಯ ಸುದ್ದಿ ಅದು. ಮನೆಗೆ ಹೋಗುವ ದಾರಿಯಲ್ಲಿ ನಮ್ಮ ಅಂಗಡಿಯ ಮುಂದೆ ನಿಂತು ಅದನ್ನು ಹೇಳದೆ ಇರಲು ಅವರಿಂದ ಆಗಲಿಲ್ಲ. ಅಪ್ಪ ಸಾಮಾನು ತರಲು ಮೈಸೂರಿಗೆ ಹೋಗಿದ್ದರು, ನಾನು ಬಾವಿಯ ಹತ್ತಿರ ಇದ್ದೆ. ಅಂಗಡಿಯಲ್ಲಿ ಇದ್ದವರು ಅಜ್ಜಿ ಒಬ್ಬರೇ. ಮಾಷು ನಗುತ್ತಾ ಮಲಯಾಳದಲ್ಲಿ ಅಂದರು.

"ಇನ್ನ್ ಮೋಳ್ ನನ್ನಾಯಿ ಚಾಡಿ."

ಇವತ್ತು ಮಗಳು ಚೆನ್ನಾಗಿ ನೆಗೆದಳು ಎಂದು ಅದರ ಅರ್ಥ. ಚೆನ್ನಾಗಿ ಎನ್ನಲು ನನ್ನಾಯಿ, ನೆಗೆದಳು ಎನ್ನಲು ಚಾಡಿ. ಅಜ್ಜಿಯ ಕಿವಿಗೆ ಬಿದ್ದದ್ದು ಮೋಳ್, ನನ್ನ, ಚಾಡಿ. ಪೊಲೀಸರು ಬಂದು ಪುಸ್ತಕ ಹೊತ್ತುಕೊಂಡು ಹೋದ ಸುದ್ದಿ ಮಧ್ಯಾಹ್ನವೇ ಅಂಗಡಿಗೆ ಬಂದಿತ್ತು. ನಿಮ್ಮ ಮಗಳೇ ನನ್ನ ಮೇಲೆ ಚಾಡಿ ಹೇಳಿದಳು ಎಂದು ಆ ಮನುಷ್ಯ ಬಾಗಿಲಿಗೆ ಬಂದು ಹೇಳಿದಂತಾಯಿತು. ಸಾಲದ್ದಕ್ಕೆ ಮಾಷು ಎಷ್ಟು ಎತ್ತರ ಎಂದು ತೋರಿಸಲು ಕೈಯನ್ನು ಮೇಲಕ್ಕೆ ಎತ್ತಿದರಂತೆ. ಚಾಡಿ ಮೇಲಿನ ಅಧಿಕಾರಿಗಳವರೆಗೂ ಹೋಗಿದೆ ಎಂದು ಅಜ್ಜಿ ಅದನ್ನೂ ಅರ್ಥಮಾಡಿಕೊಂಡರು. ನಗುತ್ತಾ ಹೇಳಿದ್ದು ಕಂಡು, ಎಷ್ಟು ನೊಂದಿದ್ದರೆ ಹೀಗೆ ನಗುತ್ತಾರೆ ಎಂದುಕೊಂಡರಂತೆ. ಕೈಮುಗಿದು ಮಾಷನ್ನು ಕಳುಹಿಸಿದರು.

ನಾನು ಕೊಡ ಇಳಿಸುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ನಾಳೆಯಿಂದ ಶಾಲೆ ಇಲ್ಲ, ಆಟ ಇಲ್ಲ, ಬಾವಿಗೂ ಹೋಗಬೇಕಿಲ್ಲ. ಯಾಕೆ ಎಂದು ಕೇಳಿದೆ. ಅಜ್ಜಿ ತಟ್ಟೆಗೆ ಊಟ ಬಡಿಸಿದರು, ಮಾತು ಬಡಿಸಲಿಲ್ಲ. ಚಾಡಿ ಹೇಳುವವರ ಎದುರು ಬಾಯಿ ಬಿಡಬಾರದೆಂಬ ಅವರ ನಿಯಮವನ್ನು ಮೊಮ್ಮಗಳಿಗೂ ಬಿಡದೆ ಪಾಲಿಸಿದರು. ಗುರುವಾರ ಇಡೀ ದಿನ ನಾನು ಚಾಪೆಯ ಮೇಲೆ ಬಿದ್ದುಕೊಂಡು ಅತ್ತೆ. ಶುಕ್ರವಾರ ಬೆಳಿಗ್ಗೆ ಅತ್ತು ಸಾಕಾಗಿ ನಿದ್ದೆ ಮಾಡಿದೆ. ಸಂಜೆ ಸಿಟ್ಟು ಬಂತು. ನನ್ನ ಸಿಟ್ಟು ಅಜ್ಜಿಯಿಂದಲೇ ಬಂದದ್ದು, ಅದರಲ್ಲಿ ಕಲಬೆರಕೆ ಇಲ್ಲ. ಶನಿವಾರ ಬೆಳಗ್ಗೆ ಅವರ ಒಲೆಯ ಮುಂದೆ ಕೂತು, ನಾನು ಮಾಡಿದ್ದೇನೆಂದು ಹೇಳುವವರೆಗೂ ಊಟ ಮುಟ್ಟುವುದಿಲ್ಲ ಎಂದೆ.

"ಸೌದೆಯೋನ ಕೈ ನೋಡ್ದೆ ತಾನೆ ನೀನು?" ಎಂದರು ಅಜ್ಜಿ. "ನೋಡ್ದೋಳೇ ಹೋಗಿ ಮಾಷನ ಮೇಲೆ ಚಾಡಿ ಹೇಳ್ದಲ್ಲ, ನಿನ್ ಎದೇಲಿ ಏನದೆ?"

ಅವರ ಕಣ್ಣಲ್ಲಿ ನೀರಿತ್ತು. ನನಗೆ ಮೊದಲು ತಲೆಬುಡ ತಿಳಿಯಲಿಲ್ಲ. ಮಾಷು ಏನಂದರು, ಹಾಗೇ ಹೇಳಿ ಎಂದು ಪೀಡಿಸಿದಾಗ, ಅಜ್ಜಿ ಆ ಮೂರು ಮಾತುಗಳನ್ನು ತಮ್ಮ ಧ್ವನಿಯಲ್ಲಿ ಹೇಳಿದರು. ನನಗೆ ನಗು ಉಕ್ಕಿ ಬಂತು. ಅದೇ ನಾನು ಮಾಡಿದ ತಪ್ಪು. ನಕ್ಕುಕೊಂಡೇ, ಅಜ್ಜೀ, ಚಾಡಿ ಎಂದರೆ ಮಲಯಾಳದಲ್ಲಿ ನೆಗೆದಳು ಎಂದು ಅರ್ಥ ಎಂದೆ. ನೆಗೆಯುವುದಕ್ಕೆ ಚಾಡಿ ಎನ್ನುವ ಭಾಷೆ ಪ್ರಪಂಚದಲ್ಲಿ ಇದ್ದೀತೇ? ಅಜ್ಜಿಗೆ ಈಗ ನಾನು ಚಾಡಿಕೋರಿ ಮಾತ್ರವಲ್ಲ, ಸುಳ್ಳಿಯೂ ಆದೆ. ಅಪ್ಪ ಬರುವುದು ಮಾರನೆಯ ದಿನ, ಅಳತೆ ಅವತ್ತೇ ಸಂಜೆ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ, ನಾನು ಎರಡೆರಡು ಮಾತು ಬಲ್ಲವಳು, ನನಗೆ ಜಗಳವೇ ಜಗಳ.

ಹನ್ನೊಂದು ಗಂಟೆಯ ಹೊತ್ತಿಗೆ ಗೆಳತಿ ಬಂದಳು. ಮೂರು ದಿನದಿಂದ ನಾನು ಯಾಕೆ ಕಾಣಲಿಲ್ಲ ಎಂದು ಕೇಳಲು ಬಂದಿದ್ದಳು. ಅವಳು ಎಂದೂ ನಮ್ಮ ಜಗಲಿ ದಾಟಿ ಒಳಗೆ ಬಂದವಳಲ್ಲ. ಅಜ್ಜಿ ಅಂಥವರನ್ನು ಒಳಗೆ ಕರೆಯುತ್ತಿರಲಿಲ್ಲ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ನಾನು ಕಿಟಕಿಯಿಂದಲೇ ಇಡೀ ಕಥೆ ಹೇಳಿದೆ. ಅವಳು ಜಗಲಿಯ ಅಂಚಿಗೆ ಕೂತು, ಹೊಸ್ತಿಲಲ್ಲಿ ನಿಂತಿದ್ದ ಅಜ್ಜಿಗೆ, ಚಾಡಿ ಎಂದರೆ ಹಾರುವುದೇ ಎಂದು ತನ್ನ ಮಾತಿನಲ್ಲಿ ಹೇಳಿದಳು. ನೀನು ಅವಳ ಗೆಳತಿ, ಇನ್ನೇನು ಹೇಳ್ತೀಯ ಎಂದರು ಅಜ್ಜಿ. ಅವಳು ಸ್ವಲ್ಪ ಹೊತ್ತು ಅಂಗಳ ನೋಡುತ್ತಾ ಕೂತಳು. ರಸ್ತೆಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡಳೆಂದು ನನಗೆ ಆಮೇಲೆ ಹೊಳೆಯಿತು.

"ಅಜ್ಜೀ, ನಮ್ಮಪ್ಪ ಎಲ್ಲವ್ರೆ ಅಂತ ಇವ್ಳಿಗೆ ಒಂದು ತಿಂಗ್ಳಿಂದ ಗೊತ್ತು" ಎಂದಳು. "ಹೊಳೆ ಆಚೆ ರಾಗಿ ಹೊಲ್ದಲ್ಲಿ ಕಂಡು ಬಂದ್ಲು. ನಿಮಗೆ ಹೇಳಿದ್ಲಾ?"

ಅಜ್ಜಿ ಇಲ್ಲ ಎಂದರು.

"ನಿಮಗೇ ಹೇಳಿಲ್ಲ. ಪೊಲೀಸ್ರಿಗೆ ಹೇಳ್ತಾಳಾ?"

ಹಾಡಿಯ ಹೊರಗೆ ಒಬ್ಬರಿಗೂ ತಿಳಿಯಬಾರದ ಮಾತನ್ನು ಅವಳು ನನ್ನ ಅಜ್ಜಿಯ ಕೈಗೆ ಕೊಟ್ಟುಬಿಟ್ಟಿದ್ದಳು, ಅದೂ ನನಗೋಸ್ಕರ. ಅಜ್ಜಿ ತಾವೂ ರಸ್ತೆಯ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಮೂರು ದಿನ ನಿನ್ನನ್ನು ಏನೇನೋ ಅಂದುಕೊಂಡೆ ಕಣಮ್ಮಿ, ನನ್ನ ಬುದ್ಧಿಗೆ ಏನಾಗಿತ್ತು ಎಂದರು. ನನ್ನ ಕೆನ್ನೆ ಸವರಿದರು, ಕೈಯಲ್ಲಿ ಹಿಟ್ಟಿತ್ತು. ನನಗೆ ಆಗ ಅಳು ಬಂತು, ಮೂರು ದಿನದ ಅಳುವಿಗಿಂತ ಅದು ಬೇರೆ ಥರದ್ದು, ಬಹಳ ಸುಖವಾಗಿತ್ತು. ಅಜ್ಜಿ ಅವಳನ್ನು ಒಳಗೆ ಕರೆಯಲಿಲ್ಲ. ಅಷ್ಟು ದೂರ ಅವರು ಅವತ್ತು ಹೋಗಲಿಲ್ಲ. ಆದರೆ ಒಳಗಿನಿಂದ ಮೂರು ತಟ್ಟೆ ತಂದು, ತಾವೂ ಜಗಲಿಗೆ ಬಂದು ಅವಳ ಪಕ್ಕದಲ್ಲೇ ಕೂತು, ಬಿಸಿ ಮುದ್ದೆ, ಹುರುಳಿ ಸಾರು ಉಂಡರು. ನಿಮ್ಮಪ್ಪನಿಗೆ ಅಲ್ಲಿ ಮುದ್ದೆ ಸಿಗುತ್ತದೆ, ಚಿಂತೆ ಮಾಡಬೇಡ ಎಂದು ಎರಡು ಸಲ ಹೇಳಿದರು.

ಸಂಜೆ ಇಬ್ಬರೂ ಓಡಿಕೊಂಡು ಶಾಲೆಗೆ ಹೋದೆವು. ಮೂರು ದಿನ ಆಡದವಳು ಏನು ನೆಗೆಯುತ್ತಾಳೆ ಎಂದು ಮಾಷು ಮುಖ ಸಣ್ಣಗೆ ಮಾಡಿಕೊಂಡು ಸೀಮೆಸುಣ್ಣ ಕೊಟ್ಟರು. ನೆಗೆದೆ. ಹಳೆಯ ಗುರುತಿಗಿಂತ ಮೂರು ಬೆರಳು ಮೇಲೆ. ಯಾರೂ ನಂಬಲಿಲ್ಲ, ಮತ್ತೆ ನೆಗೆದೆ, ಅಲ್ಲೇ ಮುಟ್ಟಿತು. ಏನು ಮಾಡಿದೆ ಮೂರು ದಿನ ಎಂದು ಮಾಷು ಕೇಳಿದರು. ಅತ್ತೆ, ಮಲಗಿದೆ, ನೀರು ಹೊರಲಿಲ್ಲ ಎಂದೆ. ಅದಕ್ಕೆ ಮುಂಚೆ ದಿನಕ್ಕೆ ಎಷ್ಟು ಸಲ ಇಳಿಜಾರು ಹತ್ತುತ್ತಿದ್ದೆ ಎಂದು ಕೇಳಿದರು, ಹದಿನೈದು ಎಂದೆ. ಮಾಷು ಹಣೆ ಚಚ್ಚಿಕೊಂಡರು. ಕೆಲಸ ಬರೆದೆನೇ ಹೊರತು ವಿಶ್ರಾಂತಿ ಬರೆಯಲಿಲ್ಲ ಎಂದು ಹೊಸ ಪುಸ್ತಕವೊಂದನ್ನು ತರಿಸಿ, ನನ್ನ ಹೊಸ ಪುಟದ ಮೊದಲ ಸಾಲಿನಲ್ಲೇ ಬರೆದರು: ಪಂದ್ಯಕ್ಕೆ ಮುಂಚೆ ಮೂರು ದಿನ ಇವಳನ್ನು ಅಜ್ಜಿಯ ಸುಪರ್ದಿಗೆ ಒಪ್ಪಿಸುವುದು.

ಹಳೆಯ ಪುಸ್ತಕ ಸೋಮವಾರ ವಾಪಸು ಬಂತು. ತಂದುಕೊಟ್ಟವನು ಅದೇ ಪೇದೆ. ಅದರಲ್ಲಿ ಆಟದ ವಿಷಯ ಬಿಟ್ಟರೆ ಬೇರೇನೂ ಇಲ್ಲ ಎಂದು ಸಾಹೇಬರು ಒಪ್ಪಿದರಂತೆ. ಪೇದೆ ಹೋಗದೆ ಅಲ್ಲೇ ನಿಂತಿದ್ದ. ಬಹಳ ಸಂಕೋಚದಿಂದ, ಬೆಂಚಿನ ಮೇಲೆ ಮಲಗಿ ಮಲಗಿ ತನಗೆ ಸೊಂಟ ಹಿಡಿದಿದೆ, ತನಗೂ ಒಂದು ಪುಟ ಬರೆದುಕೊಡಬಹುದೇ ಎಂದು ಕೇಳಿದ. ಮಾಷು ಅವನನ್ನೂ ಗೋಡೆಯ ಬಳಿ ನಿಲ್ಲಿಸಿ, ಬಾಗಿಸಿ, ಏಳಿಸಿ, ಒಂದು ಹಾಳೆ ಬರೆದುಕೊಟ್ಟರು. ಅವನು ಅದನ್ನು ಟೋಪಿಯೊಳಗೆ ಇಟ್ಟುಕೊಂಡು ಹೋದ.

ಬತ್ತೇರಿಯಲ್ಲಿ ಮೊದಲ ಪಂದ್ಯ ಗೆದ್ದೆವು. ಆ ಪಂದ್ಯದಲ್ಲಿ ನಾವು ಮಾಡಿದ್ದು ಒಂದೇ ಉಪಾಯ. ನಮ್ಮ ಕಂಬದ ಕೆಳಗೆ ನಾನು ನೆಗೆದು ಚೆಂಡು ಹಿಡಿಯುವುದು, ಅಲ್ಲಿಂದಲೇ ಅಂಗಳದ ಆಚೆ ತುದಿಗೆ ಎಸೆಯುವುದು, ಅಲ್ಲಿ ಅವಳು ಒಬ್ಬಳೇ ನಿಂತಿರುವುದು. ಮಾಷು ಸಾಕು ಎಂದಿದ್ದ ಭುಜಗಳು ಅಲ್ಲಿ ಕೆಲಸಕ್ಕೆ ಬಂದವು. ಎರಡನೇ ಪಂದ್ಯ ಸೋತೆವು. ಅವರು ಬೂಟು ಹಾಕಿಕೊಂಡು ಆಡಿದರು, ನಾವು ಬರಿಗಾಲು. ಆದರೆ ಸೋತದ್ದು ಅದಕ್ಕಲ್ಲ, ಅವರು ನಮಗಿಂತ ಚೆನ್ನಾಗಿ ಆಡಿದರು, ಅಷ್ಟೇ. ಉದ್ದದ ಹುಡುಗಿ ಸ್ವಲ್ಪ ಅತ್ತಳು. ಮಾಷು ಎಲ್ಲರಿಗೂ ಪರೋಟ ಕೊಡಿಸಿದರು.

ವಾಪಸು ಬರುವ ಬಸ್ಸಿನಲ್ಲಿ ನಾನೂ ಅವಳೂ ಒಂದೇ ಸೀಟು. ಶನಿವಾರದಿಂದ ಅವಳನ್ನು ಒಂದು ಮಾತು ಕೇಳಬೇಕೆಂದಿದ್ದೆ. ಅಜ್ಜಿ ಯಾರ ಹತ್ತಿರವಾದರೂ ಬಾಯಿಬಿಟ್ಟಿದ್ದರೆ ಅವಳ ಅಪ್ಪನ ಗತಿ ಏನಾಗುತ್ತಿತ್ತು? ಅಂಥ ಮಾತನ್ನು, ಒಳಗೆ ಕರೆದು ಕೂರಿಸದ ಮನೆಯ ಜಗಲಿಯಲ್ಲಿ ಕೂತು, ನನ್ನ ಒಂದು ಆಟಕ್ಕೋಸ್ಕರ ಯಾಕೆ ಹೇಳಿದೆ ಎಂದು ಕೇಳಿದೆ. ಅವಳು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು.

"ನೀನು ಆಟಕ್ಕೆ ಬರ್ದೇ ಇದ್ದಿದ್ರೆ ನಂಗೆ ಬಾಲ್ ಯಾರು ಕೊಡೋರು?" ಎಂದಳು. ಆಮೇಲೆ ನನ್ನ ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣ ತೆಗೆದುಕೊಂಡು ಕಿಟಕಿಯ ಕಡೆ ತಿರುಗಿದಳು.